ನೀರು ಬಂತಂತೆ... ಯಾವ ಕಾಲುವೆಗೆ?

"ನೀರು ಬಿಟ್ಟಾರ್ರೀ, ಕಾಲುವಿಗೆ ಬಂದೈತಿ!"

ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಈ ಒಂದು ಸಾಲು ಕಲಿಸಿದಷ್ಟನ್ನು ಇಂಜಿನಿಯರಿಂಗಿನ ನಾಲ್ಕು ವರ್ಷ ನನಗೆ ಕಲಿಸಲಿಲ್ಲ. ಉತ್ಪ್ರೇಕ್ಷೆ ಅನ್ನಬೇಡಿ, ಪೂರ್ತಿ ಕೇಳಿ :-)

2020ರ ಲಾಕ್‌ಡೌನ್. ಡಿಗ್ರಿ ಮುಗಿಸಿ ಸಿಂಧನೂರಿನ ಮನೆಯಲ್ಲಿ ಕೂತಿದ್ದೆ. ಆಫರ್ ಲೆಟರ್ ಕೈಯಲ್ಲಿತ್ತು, ಕೆಲಸಕ್ಕೆ ಸೇರುವ ದಿನ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಸುಮ್ಮನೆ ಕೂರಲಾರದೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಗೆಳೆಯರನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿದೆ. ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ. ಬಸ್ಸು, ಸಂತೆ, ಭತ್ತದ ರೇಟು, ಗೊಬ್ಬರ, ಎಲ್ಲದರ ಸುದ್ದಿ ಒಂದೇ ಕಡೆ ಸಿಗಲಿ ಅಂತ. ಗೆಳೆಯರು ತಮ್ಮ ಅಪ್ಪ, ಕಾಕಾ, ಮಾವಂದಿರನ್ನೂ ಎಳೆತಂದರು. ತಿಂಗಳೊಳಗೆ ಇನ್ನೂರು ಜನ. ನನಗೋ ಏನೋ ಸಾಧಿಸಿದ ಹಿಗ್ಗು.

ಆಗ ಬಂತು ಆ ಸಾಲು. ಬರೆದವನು ಲಿಂಗಸುಗೂರಿನ ಗೆಳೆಯ. ಅವರ ಕಡೆ ಕಾಲುವೆ ಅಂದರೆ ನಾರಾಯಣಪುರ ಬಲದಂಡೆ, ಕೃಷ್ಣೆಯ ನೀರು. ನಮ್ಮಲ್ಲಿ ಕಾಲುವೆ ಅಂದರೆ ತುಂಗಭದ್ರಾ ಎಡದಂಡೆ. ಮಸ್ಕಿಯ ಎಷ್ಟೋ ಹಳ್ಳಿಗಳಿಗೆ ಎರಡೂ ಇಲ್ಲ. 5ಎ ಕಾಲುವೆ ಬೇಕೆಂದು ಅಲ್ಲಿನ ರೈತರು 2020ರ ನವೆಂಬರಿನಲ್ಲಿ ಪಾಮನಕಲ್ಲೂರಿನಲ್ಲಿ ಧರಣಿಗೇ ಕೂತರು. ಅಂದರೆ ನನ್ನ ಒಂದೇ ಗುಂಪಿನಲ್ಲಿ "ಕಾಲುವೆ" ಎಂಬ ಪದಕ್ಕೆ ಮೂರು ಅರ್ಥ!

ನಮ್ಮ ದೊಡ್ಡಪ್ಪನ ಹೊಲ ಎಡದಂಡೆಯ ಕೊನೆಭಾಗದಲ್ಲಿದೆ. ಆ ಸಾಲು ಓದಿ ಸಸಿಮಡಿಗೆ ಬೀಜ ಚೆಲ್ಲಿಬಿಟ್ಟ. ನಮ್ಮ ಕಾಲುವೆಗೆ ನೀರು ಬರುವಷ್ಟರಲ್ಲಿ ಸಸಿ ಒಣಗಿತ್ತು. "ನಿನ್ನ ಗುಂಪಿನಾಗ ಬಂದಿತ್ತಲ್ಲೋ ತಮ್ಮಾ" ಅಂದ, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಯಾರೂ ಸುಳ್ಳು ಹೇಳಿರಲಿಲ್ಲ. ಸುದ್ದಿ ನಿಜವೇ, ಬೇರೆ ಕಾಲುವೆಯದು. ನಿಜವಾದ ಸುದ್ದಿಯೇ ಹೀಗೆ ಮಾಡಿದರೆ ಸುಳ್ಳು ಏನು ಮಾಡೀತು? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದರೆಂಬ ವಾಟ್ಸಾಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನನ್ನು ಹೊಡೆದು ಕೊಂದರು. ಅದು ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ. ಜನ ಸೇರಿಸುವುದು ಎರಡು ನಿಮಿಷದ ಕೆಲಸ. ಸೇರಿದವರ ಮಾತಿಗೆ ಹೊಣೆ ಯಾರು?

ಉತ್ತರ ಸಿಕ್ಕಿದ್ದು ವಿಕಿಪೀಡಿಯದಲ್ಲಿ. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯದಲ್ಲೂ ಯಾರು ಬೇಕಾದರೂ ಬರೆಯಬಹುದು. ಬರೆದವರು ಎಷ್ಟು ದೊಡ್ಡವರು ಅಂತ ಕೇಳುವುದಿಲ್ಲ, ಆಧಾರ ಎಲ್ಲಿ ಅಂತ ಕೇಳುತ್ತಾರೆ. ಅದನ್ನೇ ಎರವಲು ತಂದೆ. ಯಾವ ಕಾಲುವೆ? ಯಾರು ನೋಡಿದ್ದು? ಯಾವಾಗ? ಈ ಮೂರಕ್ಕೆ ಉತ್ತರ ಇಲ್ಲದ ಸುದ್ದಿ ಗುಂಪಿನಲ್ಲಿ ಇರಬಾರದು. ಊರಿಗೊಬ್ಬರಂತೆ ಮೂವರು ಅಡ್ಮಿನ್.

ಸುಲಭವಾಗೇನೂ ಇರಲಿಲ್ಲ. "ನಾ ಹೇಳಿದ್ದು ಸುಳ್ಳಾ?" ಅಂತ ಹಿರಿಯರು ಮುನಿಸಿಕೊಂಡರು. 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಪಕ್ಷದ ಜಗಳ ಬೇಡ ಅಂದದ್ದಕ್ಕೆ ಸುಮಾರು ನಲವತ್ತು ಜನ ಹೊರಟೇ ಹೋದರು. ಅವತ್ತು ಗುಂಪನ್ನೇ ಮುಚ್ಚಿಬಿಡೋಣ ಅನ್ನಿಸಿತ್ತು. ಮುಚ್ಚಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ಗೇಟು ಕೊಚ್ಚಿಹೋಯಿತು. ನಾನು ಬೆಂಗಳೂರಿನ ರೂಮಿನಲ್ಲಿ ಮಲಗಿದ್ದೆ. ಬೆಳಿಗ್ಗೆ ಫೋನ್ ತೆಗೆದರೆ ಯಾರೋ "ಡ್ಯಾಮೇ ಒಡೆದೈತಿ" ಅಂತ ಹಾಕಿದ್ದರು. ಕೆಳಗೇ ಮಸ್ಕಿಯ ಅಂಗಡಿಯವರೊಬ್ಬರ ಪ್ರಶ್ನೆ: "ಯಾರ್ ನೋಡ್ಯಾರ? ಎಷ್ಟೊತ್ತಿಗೆ?" ಅದರ ಕೆಳಗೆ ಹೊಸಪೇಟೆಯಲ್ಲಿದ್ದ ಒಬ್ಬರ ಉತ್ತರ: ಡ್ಯಾಮ್ ಗಟ್ಟಿಯಾಗಿದೆ, 33 ಗೇಟುಗಳಲ್ಲಿ 19ನೆಯದು ಮಾತ್ರ ಹೋಗಿದೆ. ಮೊದಲು ಹಾಕಿದವರು ತಾವೇ ತಮ್ಮ ಸಾಲನ್ನು ಅಳಿಸಿದ್ದರು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸುವವರೆಗೂ ಗುಂಪಿನಲ್ಲಿ ಆತಂಕವಿತ್ತು, ಆದರೆ ಗಾಳಿಸುದ್ದಿ ಇರಲಿಲ್ಲ. ನಾನು ಒಂದಕ್ಷರವನ್ನೂ ಟೈಪಿಸಬೇಕಾಗಲಿಲ್ಲ. ಅಡ್ಮಿನ್ ಆಗಿ ಅದೇ ನನ್ನ ಅತ್ಯಂತ ಸಂತೋಷದ ದಿನ.

ಅಂದ ಹಾಗೆ, ಕಳೆದ ಸಲ ಊರಿಗೆ ಹೋದಾಗ ಚಹಾದಂಗಡಿಯಲ್ಲಿ ಯಾರೋ "ನೀರು ಬಂತಂತ" ಅಂದರು. ದೊಡ್ಡಪ್ಪ ಬಸಿ ಕೆಳಗಿಟ್ಟು ಕೇಳಿದ, "ಯಾವ ಕಾಲುವಿಗಿ?"