ಅಪ್ಪನ 407

ಮೊದಲೇ ಹೇಳಿಬಿಡ್ತೀನಿ. ನಾನು ಒಂದನೇ ಕ್ಲಾಸಿಂದ ಪಿಯುಸಿ ತನಕ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ಟರೆ ಕನ್ನಡದಲ್ಲಿ ಇಷ್ಟುದ್ದ ಬರೀತಾ ಇರೋದು ಇದೇ ಮೊದಲು. ಒತ್ತಕ್ಷರ ಎಲ್ಲಾದರೂ ಕೈಕೊಟ್ಟಿದ್ದರೆ ಸಂಘದ ಗೆಳೆಯರು ತಿದ್ದಿರ್ತಾರೆ ಅನ್ನೋ ಧೈರ್ಯ ಇದೆ.

ವಿಷಯ ಒಂದು ಹಳೇ ಗಾಡಿ. ಟಾಟಾ 407, 1996ರ ಮಾಡೆಲ್. ತಿಪಟೂರಿನ ಹತ್ತಿರ ನಮ್ಮೂರಲ್ಲಿ, ಮನೆ ಪಕ್ಕದ ಹೊಂಗೆಮರದ ಕೆಳಗೆ ಐದು ವರ್ಷ ಅಲ್ಲಾಡದೆ ನಿಂತಿತ್ತು. ಅಪ್ಪ 2003ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತೆಂಗಿನಕಾಯಿ, ಕೊಬ್ಬರಿ ಮೂಟೆ, ಮದುವೆ ಮನೆ ಪಾತ್ರೆ, ಶಾಮಿಯಾನ, ಎಲ್ಲಾ ಹೊತ್ತಿದೆ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತಲ್ಲ, ಅವತ್ತು ನಿಂತಿದ್ದು ಮತ್ತೆ ಹೊರಡಲೇ ಇಲ್ಲ. ಬಾಡಿಗೆ ನಿಂತಿತು, ಇನ್ಶೂರೆನ್ಸ್ ಮುಗೀತು, ಎಫ್‌ಸಿ ಮುಗೀತು, ಬ್ಯಾಟರಿ ಸತ್ತುಹೋಯ್ತು. ಅಪ್ಪನಿಗೆ ಮೊಣಕಾಲು ನೋವು ಬೇರೆ ಶುರುವಾಗಿತ್ತು. ಕೊಬ್ಬರಿ ಮಂಡಿಯೊಂದರಲ್ಲಿ ತೂಕ ಬರೆಯೋ ಕೆಲಸಕ್ಕೆ ಸೇರಿಕೊಂಡ. ಕೋಳಿಗಳು ಗಾಡಿ ಕೆಳಗೆ ಸಂಸಾರ ಹೂಡಿದವು.

ನಾನು ಮೊದಲನೇ ವರ್ಷದಲ್ಲಿದ್ದಾಗ ಅಮ್ಮ ಫೋನಲ್ಲಿ ಹೇಳಿದಳು: "ಗುಜರಿಯವನು ಬಂದಿದ್ದ. ಕೆಜಿ ಲೆಕ್ಕದಲ್ಲಿ ರೇಟು ಹೇಳಿದ. ನಿಮ್ಮಪ್ಪ ಯೋಚನೆ ಮಾಡ್ತೀನಿ ಅಂದು ಕಳಿಸಿದ್ದಾನೆ."

ಆಗ ನಾನು ಹಾಸ್ಟೆಲಲ್ಲಿ ರಾತ್ರಿಯೆಲ್ಲ ನೋಡ್ತಾ ಇದ್ದಿದ್ದು ಅಮೆರಿಕದವರ ಟ್ರಕ್ ರಿಸ್ಟೊರೇಷನ್ ವಿಡಿಯೋಗಳನ್ನ. ಫೋರ್ಡ್ ಎಫ್-100, ಷೆವರ್ಲೆ ಸಿ10. ಐವತ್ತು ಅರವತ್ತು ವರ್ಷದ ಹಿಂದೆ ಅಲ್ಲಿನ ರೈತರು ಹುಲ್ಲು, ಗೊಬ್ಬರ ಹೊತ್ತ ಪಿಕಪ್‌ಗಳು. ಈಗ ಅವನ್ನ ಕೊಟ್ಟಿಗೆಯಿಂದ ಎಳ್ಕೊಂಡು ಬಂದು ಹೊಸ ಇಂಜಿನ್ ಕೂರಿಸಿ, ನೆಲಕ್ಕೆ ತಾಗೋ ಹಾಗೆ ತಗ್ಗಿಸಿ, ಷೋಗೆ ಒಯ್ತಾರೆ. ಇನ್ನು ಕೆಲವರು ಮಾಸಿದ ಬಣ್ಣ, ತುಕ್ಕು, ಬಾಗಿಲ ಮೇಲಿನ ಹಳೇ ಅಂಗಡಿ ಹೆಸರು ಎಲ್ಲಾ ಹಾಗೇ ಬಿಟ್ಟು ಮೇಲೆ ಕ್ಲಿಯರ್ ಕೋಟ್ ಹೊಡೀತಾರೆ. ಅದಕ್ಕೆ ಪ್ಯಾಟಿನಾ ಅಂತ ಹೆಸರು. ನನ್ನ ತಲೆಯಲ್ಲಿ ನಮ್ಮ 407 ಆಗಲೇ ಮ್ಯಾಟ್ ಬ್ಲ್ಯಾಕ್ ಆಗಿ, ಎಲ್‌ಇಡಿ ಲೈಟ್ ಹಾಕ್ಕೊಂಡು ನಿಂತಿತ್ತು. "ಅಪ್ಪ, ರಜಕ್ಕೆ ಬರೋ ತನಕ ಕೊಡಬೇಡ. ನಾನು ರೆಡಿ ಮಾಡ್ತೀನಿ" ಅಂದೆ. ಅಪ್ಪ "ಹೂಂ, ಬಾ" ಅಂದ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

ನಮ್ಮಲ್ಲಿ 407 ನೋಡದವರು ಇಲ್ಲ, ಆದರೆ ಅದರ ಹೆಸರು ಓದೋದು ಹೇಗೆ ಅಂತ ನನಗೂ ಗೊತ್ತಿರಲಿಲ್ಲ. ಹೇಳಿಕೊಟ್ಟಿದ್ದು ನಮ್ಮೂರ ಗ್ಯಾರೇಜಿನ ಮೇಸ್ತ್ರಿ. 4 ಅಂದ್ರೆ ಲೋಡು ಸೇರಿ ಗಾಡಿಯ ಒಟ್ಟು ತೂಕ, ಸುಮಾರು ನಾಲ್ಕು ಟನ್. 07 ಅಂದ್ರೆ ಹತ್ತರಿಂದ ಗುಣಿಸಿ, 70 ಹಾರ್ಸ್ ಪವರ್. ಹಾಗೇ 1210 ಅಂದ್ರೆ ಹನ್ನೆರಡು ಟನ್, 100 ಹಾರ್ಸ್ ಪವರ್. ಇದು ಮರ್ಸಿಡಿಸ್‌ನವರ ಪದ್ಧತಿ. 1954ರಿಂದ 1969ರ ತನಕ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡ್ತಿದ್ದರು. ಅವರು ಹೋದರೂ ಹೆಸರಿಡೋ ಪದ್ಧತಿ ಉಳೀತು. 407 ಬಂದಿದ್ದು 1986ರಲ್ಲಿ. ಆಗ ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಾಜ್ದಾ, ಐಷರ್ ಮಿತ್ಸುಬಿಷಿ ಅಂತ ಜಪಾನಿನವರ ಜೊತೆ ಸೇರಿದ ನಾಲ್ಕು ಕಂಪನಿಗಳು ಸಣ್ಣ ಲಾರಿ ಮಾರುಕಟ್ಟೆಗೆ ನುಗ್ಗಿದ್ದವು. ಅದಕ್ಕೆ ಉತ್ತರವಾಗಿ ಟಾಟಾದವರು ತಾವೇ ಮಾಡಿದ ಗಾಡಿ ಇದು.

ಇಂಜಿನ್ನಿನ ಹೆಸರು 497. ಮೇಸ್ತ್ರಿ ಅಂದರು: "ನಾಲ್ಕು ಸಿಲಿಂಡರು, 97 ಎಂಎಂ ಬೋರು. ಅಷ್ಟೇ." ಸ್ಟ್ರೋಕ್ 100 ಎಂಎಂ. ನಾನು ಮೊಬೈಲ್ ತೆಗೆದು ಪೈ ಬೈ ಫೋರ್ ಡಿ ಸ್ಕ್ವೇರ್ ಹಾಕಿ ಗುಣಿಸಿದೆ. 2956 ಸಿಸಿ. ಪುಸ್ತಕದಲ್ಲೂ ಅದೇ ಇದೆ. ಮೊದಲ ವರ್ಷದ ಮೆಕ್ಯಾನಿಕಲ್ ಪೇಪರಿನ ಒಂದು ಫಾರ್ಮುಲಾ ಕಣ್ಣೆದುರು ನಿಜ ಆಗಿದ್ದು ಅವತ್ತೇ. ಖುಷಿಯಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪ "ಸರಿ, ಈಗ ಸ್ಟಾರ್ಟ್ ಮಾಡು" ಅಂದ.

ಸ್ಟಾರ್ಟ್ ಮಾಡೋದು ಅಷ್ಟು ಸುಲಭ ಇರಲಿಲ್ಲ. ನಾನು ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯೋಕೆ ಹೊರಟಿದ್ದೆ. ಮೇಸ್ತ್ರಿ ತಡೆದರು. ಐದು ವರ್ಷ ನಿಂತ ಇಂಜಿನ್ನಲ್ಲಿ ಪಿಸ್ಟನ್ ರಿಂಗು ಲೈನರ್‌ಗೆ ಹಿಡಿದಿರಬಹುದು, ಸೆಲ್ಫ್ ಹೊಡೆದರೆ ಏನಾದರೂ ಮುರಿಯುತ್ತೆ ಅಂತ. ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನೆ ಕೂತೆವು. ಮೂರನೇ ದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ದೊಡ್ಡ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದೆವು. ಮೊದಲು ಒಂದಿಂಚು, ಆಮೇಲೆ ಕಾಲು ಸುತ್ತು, ಆಮೇಲೆ ಪೂರ್ತಿ ಸುತ್ತು. ಟ್ಯಾಂಕ್ ಇಳಿಸಿದರೆ ತಳದಲ್ಲಿ ನೀರು ಮತ್ತು ಕಪ್ಪು ಗಸಿ. ಟ್ಯಾಂಕ್ ತೊಳೆದು, ಹೊಸ ಫಿಲ್ಟರ್ ಹಾಕಿ, ಹೊಸ ಡೀಸೆಲ್ ತುಂಬಿ, ಕೈಪಂಪು ಒತ್ತಿ ಒತ್ತಿ ಲೈನಲ್ಲಿದ್ದ ಏರ್ ತೆಗೆದೆವು. ಡೀಸೆಲ್ ಪಂಪ್ ಮಾತ್ರ ಬಿಚ್ಚಬೇಕಾಗಲಿಲ್ಲ. ಅದು ಬೆಂಗಳೂರಿನದೇ, ಮೈಕೋ ಕಂಪನಿಯದು. ಹಳೇ ಮೇಸ್ತ್ರಿಗಳಿಗೆ ಬಾಷ್ ಅಂದರೆ ತಿಳಿಯಲ್ಲ, "ಮೈಕೋ ಪಂಪು" ಅಂದರೆ ಮಾತ್ರ ತಿಳಿಯುತ್ತೆ. ಸಂಜೆ ಐದಕ್ಕೆ ಸೆಲ್ಫ್ ಹೊಡೆದಾಗ ಎರಡು ಸಲ ಕೆಮ್ಮಿ, ಬಿಳೀ ಹೊಗೆ ಕಾರಿ, ಮೂರನೇ ಸಲಕ್ಕೆ ಹಿಡ್ಕೊಳ್ತು. ಕೋಳಿಗಳೆಲ್ಲ ಓಡಿಹೋದವು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲೇ ನಿಂತಳು.

ಅಲ್ಲಿಂದ ಜಗಳ ಶುರು. ನನ್ನ ಪಟ್ಟಿ ಉದ್ದ ಇತ್ತು: ಗಾಡಿ ತಗ್ಗಿಸಬೇಕು, ಅಗಲದ ಟೈರ್ ಹಾಕಬೇಕು, ಮ್ಯಾಟ್ ಬ್ಲ್ಯಾಕ್ ಪೇಂಟ್, ಹಿಂದಿನ ಬಾಡಿ ತೆಗೆದು ಮಲಗೋ ಕ್ಯಾಬಿನ್. ತಗ್ಗಿಸೋಕೆ ಪ್ಲೇಟ್ ಸೆಟ್ಟಿಂದ ಎರಡು ಪ್ಲೇಟ್ ತೆಗೆದರೆ ಸಾಕು ಅಂದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಪ್ಲೇಟ್ ತೆಗೆದ ಮೇಲೆ ಮೂಟೆ ಎಲ್ಲಿ ಇಡ್ತೀಯೋ, ನಿನ್ನ ತಲೆ ಮೇಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಡಿಯೋದಲ್ಲಿ ನೋಡಿದ ಪಿಕಪ್‌ಗಳು ಇನ್ನು ಮೂಟೆ ಹೊರಲ್ಲ. ಅವಕ್ಕೆ ಕೆಲಸದಿಂದ ರಿಟೈರ್ಮೆಂಟ್ ಸಿಕ್ಕಿದೆ, ಅದಕ್ಕೇ ನೆಲಕ್ಕೆ ತಾಗೋ ಹಾಗೆ ತಗ್ಗಿದರೂ ನಡೆಯುತ್ತೆ. ನಮ್ಮ ಗಾಡಿ ಎದ್ದು ನಿಂತರೆ ದುಡೀಬೇಕು. ಕಾನೂನೂ ಅಪ್ಪನ ಕಡೆಗೇ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯವರು ಕೊಟ್ಟ ಸ್ಪೆಸಿಫಿಕೇಷನ್ನಿಗೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಹದಿನೈದು ವರ್ಷ ದಾಟಿದ್ದರೆ 2022ರ ಏಪ್ರಿಲ್‌ನಿಂದ ಅದರ ಫೀಸೂ ಜಾಸ್ತಿ. ಇಷ್ಟೆಲ್ಲ ಕಟ್ಟಿ ಎಫ್‌ಸಿಗೆ ಹೋದಾಗ ಇನ್‌ಸ್ಪೆಕ್ಟರ್ ಮುಂದೆ ನೆಲ ಸವರೋ 407 ನಿಲ್ಲಿಸಿದರೆ ಕಥೆ ಮುಗೀತು.

ಪ್ಯಾಟಿನಾನಾದರೂ ಉಳಿಸೋಣ ಅಂತ ನೋಡಿದೆ. ಗಾಜಿನ ಮೇಲಿನ "ತಾಯಿಯ ಆಶೀರ್ವಾದ" ಮಾಸಿ ಅರ್ಧ ಅಕ್ಷರ ಹೋಗಿತ್ತು, ನನಗೆ ಅದೇ ಚೆಂದ ಕಾಣ್ತಿತ್ತು. ಹಳೇದು ಹಳೇದಾಗೇ ಇರಲಿ ಅಂತ ಮೇಲೆ ಕ್ಲಿಯರ್ ಕೋಟ್ ಹೊಡೀತಾರೆ ಅಂತ ವಿವರಿಸಿದೆ. "ಕಾಣದಿರೋ ಬಣ್ಣಕ್ಕೆ ದುಡ್ಡು ಕೊಡ್ತಾರಾ?" ಅಂತ ಅಪ್ಪ ನಕ್ಕಿದ್ದು ನೋಡಬೇಕಿತ್ತು. ಬೋರ್ಡ್ ಬರೆಯೋ ಪೇಂಟರ್ ಬಂದು ಹೊಸದಾಗಿ ಹಳದಿಯಲ್ಲಿ ಬರೆದು ಹೋದ. ನನ್ನ ಮಾಡಿಫಿಕೇಷನ್ ಅಂತ ಉಳಿದಿದ್ದು ಎರಡೇ. ಡ್ರೈವರ್ ಬಾಗಿಲ ಹತ್ತಿರ ಒಂದು ಹೆಚ್ಚುವರಿ ಮೆಟ್ಟಿಲು, ಕೈ ಹಿಡಿಯೋಕೆ ಒಂದು ಪೈಪು. ಅಪ್ಪನ ಮೊಣಕಾಲಿಗೆ.

ಈಗ ಬ್ರೇಕಿನ ವಿಷಯ. ಬರೆಯೋದೋ ಬೇಡವೋ ಅಂತ ತುಂಬಾ ಯೋಚಿಸಿದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರ್ ಒಳಗೇ ತುಕ್ಕು ಹಿಡಿಯುತ್ತೆ, ರಬ್ಬರ್ ಕೆಡುತ್ತೆ. ಮೇಸ್ತ್ರಿ ನಾಲ್ಕೂ ಚಕ್ರಕ್ಕೆ ಹೊಸ ಕಿಟ್ ಹಾಕಿದರು. ಆಮೇಲೆ ಏರ್ ತೆಗೀಬೇಕು. ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡೀಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಿಪ್ಪಲ್ ಬಿಚ್ಚಿ, ಗುಳ್ಳೆ ಹೋದ ಮೇಲೆ ಟೈಟ್ ಮಾಡಬೇಕು. ಕೆಳಗೆ ಇದ್ದವನು ನಾನು. ಮೂರು ಚಕ್ರ ಆಯ್ತು. ನಾಲ್ಕನೇದು, ಹಿಂದಿನ ಎಡಗಡೆದು, ಮುಗಿಯೋ ಹೊತ್ತಿಗೆ ಜೇಬಲ್ಲಿ ಫೋನು ಒಂದೇ ಸಮ ಅಲ್ಲಾಡ್ತಿತ್ತು. ಸೆಕೆಂಡ್ ಸೆಮ್ ರಿಸಲ್ಟ್. ನಿಪ್ಪಲ್ ಬೆರಳಲ್ಲಿ ತಿರುಗಿಸಿ, ಸ್ಪ್ಯಾನರ್ ಆಮೇಲೆ ಹಾಕೋಣ ಅಂತ ಹೊರಗೆ ಬಂದೆ. ಪಾಸಾಗಿದ್ದೆ. ಆಮೇಲೆ ಅನ್ನೋದು ಬರಲೇ ಇಲ್ಲ.

ಸಂಜೆ ಟ್ರಯಲ್. ಅಪ್ಪ ಸ್ಟೇರಿಂಗ್‌ನಲ್ಲಿ, ಪಕ್ಕ ನಾನು, ಹಿಂದೆ ಮೇಸ್ತ್ರಿ. ಊರು ದಾಟಿ ಕೆರೆ ಏರಿ ತನಕ ಚೆನ್ನಾಗೇ ಇತ್ತು. ಏರಿ ಇಳಿಯೋ ಕಡೆ ಕೆಳಗೆ ಕುರಿ ಮಂದೆ ರಸ್ತೆ ದಾಟ್ತಾ ಇತ್ತು. ಅಪ್ಪ ಬ್ರೇಕ್ ತುಳಿದ. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯ್ತು. ಇನ್ನೊಮ್ಮೆ ತುಳಿದ, ಇನ್ನೂ ಕೆಳಗೆ. ಅಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೂರರಿಂದ ಎರಡು, ಎರಡರಿಂದ ಒಂದು, ಇಂಜಿನ್ ಕಿರುಚಿತು, ಹ್ಯಾಂಡ್ ಬ್ರೇಕ್ ಎಳೆದ. ಕೊನೇ ಕುರಿಯಿಂದ ಐದಾರು ಹೆಜ್ಜೆ ಹಿಂದೆ ಗಾಡಿ ನಿಂತಿತು. ಕುರಿ ಕಾಯೋ ಹುಡುಗ ತಿರುಗಿ ಕೂಡ ನೋಡಲಿಲ್ಲ.

ಅಪ್ಪ ಇಳಿದು ಒಂದೊಂದೇ ಚಕ್ರ ನೋಡ್ತಾ ಹೋದ. ಹಿಂದಿನ ಎಡಗಡೆ ಟೈರಿನ ಒಳಮೈಯೆಲ್ಲ ಒದ್ದೆ. ಸೀಟಿನ ಕೆಳಗಿಂದ ಸ್ಪ್ಯಾನರ್ ತಂದು ಕೆಳಗೆ ನುಸುಳಿದ. ಮೇಸ್ತ್ರಿ "ಏನಾಯ್ತಣ್ಣ?" ಅಂತ ಇಳಿದು ಬಂದರು.

"ನಿಪ್ಪಲ್ ನಾನೇ ಟೈಟ್ ಮಾಡ್ತೀನಿ ಅಂತ ಮಗನಿಗೆ ಹೇಳಿದ್ದೆ ಮೇಸ್ತ್ರಿ, ಮರೆತುಬಿಟ್ಟೆ."

ಮೇಸ್ತ್ರಿ ಅಪ್ಪನನ್ನ ನೋಡಿದರು, ನನ್ನನ್ನ ನೋಡಿದರು. ಏನೂ ಅನ್ನಲಿಲ್ಲ. ಒಂದನೇ ಗೇರಲ್ಲಿ ಮೆಲ್ಲಗೆ ವಾಪಸ್ ಬಂದು, ರಾತ್ರಿ ಹತ್ತರ ತನಕ ಟಾರ್ಚ್ ಹಿಡ್ಕೊಂಡು ನಾಲ್ಕೂ ಚಕ್ರದ ಏರ್ ಮತ್ತೆ ತೆಗೆದೆವು. ಒಂದೊಂದು ನಿಪ್ಪಲ್ಲಿಗೂ ನಾನು ಎರಡೆರಡು ಸಲ ಸ್ಪ್ಯಾನರ್ ಹಾಕಿದೆ. ಊಟ ಆದ ಮೇಲೆ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು "ಅಪ್ಪ, ಅದು ನಾನು..." ಅಂತ ಶುರು ಮಾಡಿದೆ.

"ಗೊತ್ತು ಬಿಡೋ. ನಾನೂ ಹೊರಡೋಕೆ ಮುಂಚೆ ಕೆಳಗೆ ಬಗ್ಗಿ ನೋಡಬೇಕಿತ್ತು" ಅಂದ.

ನನಗೆ ನಿದ್ದೆ ಬರಲಿಲ್ಲ. ನೆನಪಾಗ್ತಾ ಇದ್ದಿದ್ದು ಬ್ರೇಕ್ ಅಲ್ಲ. ಐದನೇ ಕ್ಲಾಸಲ್ಲಿದ್ದಾಗ ಒಂದು ಬೆಳಗ್ಗೆ ಬಸ್ ತಪ್ಪಿಹೋಗಿ, ಮಂಡಿಗೆ ಲೋಡ್ ಹಾಕ್ಕೊಂಡು ಹೊರಟಿದ್ದ ಅಪ್ಪ ನನ್ನ 407ನಲ್ಲೇ ಸ್ಕೂಲಿಗೆ ಬಿಟ್ಟ. ಗೇಟಲ್ಲಿ ಕಾರುಗಳ ಮಧ್ಯೆ ಲಾರಿ ನಿಂತಾಗ ಯಾರೋ ನಕ್ಕರು. ಸಂಜೆ ಮನೆಗೆ ಬಂದು ನಾನು ಏನೂ ಹೇಳಿರಲಿಲ್ಲ. ಆದರೆ ಮುಂದಿನ ಸಲ ಅಪ್ಪ ಗೇಟಿಗಿಂತ ಇನ್ನೂರು ಮೀಟರ್ ಮುಂಚೆ, ಅರಳಿಮರದ ಹತ್ತಿರವೇ ನಿಲ್ಲಿಸಿದ. "ಇಲ್ಲೇ ಇಳ್ಕೊ, ಮುಂದೆ ತಿರುಗಿಸೋಕೆ ಜಾಗ ಇಲ್ಲ" ಅಂದ. ಜಾಗ ಇತ್ತು. ಅಲ್ಲಿ ಸ್ಕೂಲ್ ಬಸ್ಸೇ ತಿರುಗಿಸ್ತಾರೆ. ಆಮೇಲೆ ಯಾವತ್ತು ಬಿಟ್ಟರೂ ಅರಳಿಮರವೇ. ಆ ಸ್ಕೂಲಿನ ಫೀಸು ಕಟ್ಟಿದ್ದು ಇದೇ ಗಾಡಿಯ ಬಾಡಿಗೆ ದುಡ್ಡು.

ರಿಪೇರಿಗೆ ಸುಮಾರು ಎರಡು ತಿಂಗಳು ಹಿಡೀತು. ಎಫ್‌ಸಿ ಎರಡನೇ ಸಲಕ್ಕೆ ಆಯ್ತು. ಮೊದಲ ಸಲ ರಿಫ್ಲೆಕ್ಟರ್ ಟೇಪ್ ಸರಿ ಇಲ್ಲ ಅಂತ ವಾಪಸ್ ಕಳಿಸಿದರು, ಬ್ರೇಕಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಮೊದಲ ಲೋಡು ಪಕ್ಕದ ತೋಟದವರ ತೆಂಗಿನಕಾಯಿ. ಅಪ್ಪ ಮಂಡಿ ಕೆಲಸ ಬಿಟ್ಟಿಲ್ಲ, ವಾರಕ್ಕೆ ಎರಡು ಮೂರು ಬಾಡಿಗೆ ಹೊಡೀತಾನೆ. ನಾನು ಹಾಕಿದ ಮೆಟ್ಟಿಲು ಬಳಸ್ತಾನೆ, ಆದರೆ ಯಾರಾದರೂ ನೋಡ್ತಿದ್ದರೆ ಬಳಸಲ್ಲ.

ಹಳೇ ಗಾಡಿ ರೆಡಿ ಮಾಡೋ ಆಸೆ ನಿಮಗೂ ಇದ್ದರೆ ಒಂದೇ ಮಾತು: ಪೇಂಟ್ ಕೊನೆಗೆ ಇರಲಿ, ಬ್ರೇಕ್ ಮೊದಲು ಮಾಡಿ. ಕೆಳಗೆ ಮಲಗಿದಾಗ ಫೋನ್ ಮೇಲಿಟ್ಟು ಮಲಗಿ.

ಮೂರನೇ ಸೆಮ್ ಶುರುವಾದಾಗ ಅಪ್ಪ ನನ್ನ ಟ್ರಂಕು, ಹಾಸಿಗೆ ಎಲ್ಲಾ 407ನಲ್ಲೇ ಹಾಕ್ಕೊಂಡು ಬಂದ. ನಮ್ಮ ಕಾಲೇಜು ಗೇಟ್ ಕಾಣ್ತಿದ್ದ ಹಾಗೆ ಗಾಡಿ ಸ್ಲೋ ಮಾಡಿ ಎಡಕ್ಕೆ ತಗೊಂಡ. "ಇಲ್ಲೇ ಇಳ್ಕೋತೀಯಾ?"

"ಒಳಗೆ ಹೋಗೋಣಪ್ಪ. ಹಾಸ್ಟೆಲ್ ತನಕ."

ಗೇಟಲ್ಲಿ ಸೆಕ್ಯೂರಿಟಿ ಅಂಕಲ್ ರಿಜಿಸ್ಟರ್ ಹಿಡ್ಕೊಂಡು ಬಂದು, ನಂಬರ್ ಬರೆದು, ಹಿಂದೆ ಇಣುಕಿ ನೋಡಿ ಕೇಳಿದರು: "ಮೆಟೀರಿಯಲ್ ಯಾವ ಡಿಪಾರ್ಟ್‌ಮೆಂಟಿಗೆ?"

ಅಪ್ಪ ನನ್ನ ಕಡೆ ಕೈ ತೋರಿಸಿದ. "ಮೆಕ್ಯಾನಿಕಲ್ಲು. ಎರಡನೇ ವರ್ಷ."