ಹುಣಸೂರು ಓದಲಾರದ ಕಂಪ್ಯೂಟರ್

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಹೊಗೆಸೊಪ್ಪಿನ ಲೆಕ್ಕಕ್ಕೆ ಪೈಥಾನ್ ಸ್ಕ್ರಿಪ್ಟ್ ಒಂದು ಬರೆದೆ. ಯಾರಿಗೆ ಎಷ್ಟು ಕೂಲಿ, ಹರಾಜಿಗೆ ಹೋದ ಬೇಲ್ ಎಷ್ಟು, ಎಲ್ಲಾ ಕನ್ನಡದಲ್ಲೇ. ನನ್ನ ಮ್ಯಾಕ್‌ನಲ್ಲಿ ಸಲೀಸಾಗಿ ಓಡಿತು. ತಂಗಿಯ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟು ಬೆಂಗಳೂರು ಬಸ್ ಹತ್ತಿದೆ.

ಶನಿವಾರ ಸಂಜೆ ಫೋನ್. ಕೂಲಿಯವರು ಜಗಲಿ ಮೇಲೆ ಕಾಯ್ತಾ ಕೂತಿದ್ದಾರೆ, ಸ್ಕ್ರಿಪ್ಟು ಮೊದಲ ಸಾಲಿನ ‘ಹುಣಸೂರು’ ಹತ್ರಾನೇ ಎರರ್ ಕೊಟ್ಟು ನಿಂತಿದೆ. “ಇಷ್ಟ್ ಓದ್ಸಿದ್ದು, ನಮ್ಮೂರ್ ಹೆಸ್ರೇ ಓದಕ್ಕಾಗ್ದಿರೋ ಮಿಷಿನ್ ತರ್ಲಿ ಅಂತೇನ್ಲಾ?” ಅಂದ ಅಪ್ಪ, ಹಳೇ ನೋಟ್‌ಬುಕ್ ತೆಗೆದು ಬಟವಾಡೆ ಮುಗಿಸಿದರು.

ತಪ್ಪು ನಂದೇ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯೋದು ಮರೆತಿದ್ದೆ. ಹೇಳದಿದ್ದರೆ ವಿಂಡೋಸ್‌ನಲ್ಲಿ ಪೈಥಾನ್ ಆ ಯಂತ್ರದ ಹಳೇ ಕೋಡ್‌ಪೇಜನ್ನೇ ಹಿಡಿಯುತ್ತೆ. ತಂಗಿಯದರಲ್ಲಿ ಇದ್ದದ್ದು 1252, ಪಶ್ಚಿಮ ಯುರೋಪಿನ ಅಕ್ಷರಗಳದ್ದು. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರಕ್ಕೆ 3 ಬೈಟ್, ಅದರ ಕೊಂಬಿಗೆ ಮತ್ತೆ 3. ‘ಹು’ವಿನ ಕೊಂಬಿನ ಕೊನೇ ಬೈಟ್‌ಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ!

2026ರ ಅಕ್ಟೋಬರ್‌ಗೆ ನಿಗದಿಯಾಗಿರುವ ಪೈಥಾನ್ 3.15ರಲ್ಲಿ ಇದು ಬದಲಾಗುತ್ತೆ. ನಾವು ಹೇಳದಿದ್ದರೂ ಯುಟಿಎಫ್-8. ಬೇಕಾದಾಗ ಮಾತ್ರ ಲೋಡ್ ಆಗುವ ‘ಲೇಜಿ’ ಇಂಪೋರ್ಟ್ ಕೂಡ ಬರ್ತಿದೆ, ಆಫೀಸಲ್ಲಿ ಎಲ್ಲರಿಗೂ ಅದರದ್ದೇ ಮಾತು. ನನಗೆ ಮಾತ್ರ ಮೊದಲನೆಯದೇ ದೊಡ್ಡದು.

ಸ್ಕ್ರಿಪ್ಟನ್ನು ಅವತ್ತು ರಾತ್ರಿಯೇ ಸರಿ ಮಾಡಿದೆ. ಅಪ್ಪ ಈಗ ಅದನ್ನ ಬಳಸ್ತಾರೆ. ನೋಟ್‌ಬುಕ್ಕನ್ನೂ ಬಿಟ್ಟಿಲ್ಲ.