ಐದು ಗಂಟೆಯ ಟಿಕೆಟ್

ಎಕ್ಸೆಲ್ ಶೀಟ್ ಇಲ್ಲದೆ ನನಗೆ ಹಲ್ಲುಜ್ಜೋಕೂ ಬರಲ್ಲ ಅಂತ ತಮ್ಮ ಆಡಿಕೊಳ್ಳುತ್ತಾನೆ. ಸ್ಪೇನ್ ಪ್ರವಾಸಕ್ಕೂ ಒಂದು ಶೀಟ್ ರೆಡಿ ಮಾಡಿದ್ದೆ. ಒಂಬತ್ತು ರಾತ್ರಿ, ಆರು ಊರು: ಬಾರ್ಸಿಲೋನಾ, ಮ್ಯಾಡ್ರಿಡ್, ಟೊಲೆಡೊ, ಕಾರ್ಡೊಬಾ, ಸೆವಿಲ್, ಗ್ರಾನಡಾ. ರೈಲಿಗೆ ಹಸಿರು ಬಣ್ಣ, ಹೋಟೆಲಿಗೆ ಹಳದಿ, ಮೊದಲೇ ಟಿಕೆಟ್ ಕೊಳ್ಳಬೇಕಾದ ಜಾಗಗಳಿಗೆ ಕೆಂಪು. ಗ್ರಾನಡಾಗೆ ಸಿಕ್ಕಿದ್ದು ಕೊನೆಯ ಒಂದೇ ಒಂದು ರಾತ್ರಿ. ಪ್ರಯಾಣಿಕರು ಇಬ್ಬರು, ನಾನು ಮತ್ತು ಅಮ್ಮ.

ಅಮ್ಮನಿಗೆ ಇನ್ನೂ ಹೇಳಿರಲಿಲ್ಲ, ಅಷ್ಟೇ.

ಅಮ್ಮ ಹಾಸನದ ಹೈಸ್ಕೂಲೊಂದರಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ರಿಟೈರ್ ಆದಮೇಲೆ ಊರೂರು ತಿರುಗಬೇಕು ಅಂತಿದ್ದಳು, ಪಾಸ್‌ಪೋರ್ಟನ್ನೂ ಮಾಡಿಸಿಟ್ಟುಕೊಂಡಿದ್ದಳು. ಅದರಲ್ಲಿ ಇವತ್ತಿಗೂ ಒಂದು ಮುದ್ರೆ ಬಿದ್ದಿಲ್ಲ. ರಿಟೈರ್ ಆದ ಏಳನೇ ತಿಂಗಳಿಗೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಈಗ ಎರಡು ವರ್ಷ. ಅಪ್ಪ ಗೋಡೆ ಹಿಡಿದು ನಡೆಯುತ್ತಾರೆ, ಮಾತು ಸ್ವಲ್ಪ ತೊದಲು, ಬಲಗೈ ಇನ್ನೂ ಪೂರ್ತಿ ಏಳುವುದಿಲ್ಲ. ಈ ಎರಡು ವರ್ಷದಲ್ಲಿ ಅಮ್ಮ ಮನೆಯಿಂದ ಮೂರು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿದ್ದದ್ದು ನನಗೆ ಗೊತ್ತಿಲ್ಲ. ನಾನು ತಿಂಗಳಿಗೊಂದು ವೀಕೆಂಡ್ ಹೋಗಿ, ಹಣ್ಣು ತುಂಬಿಟ್ಟು, ಭಾನುವಾರ ಸಂಜೆಯ ಬಸ್ ಹತ್ತುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಶೀಟಿನಲ್ಲಿದ್ದದ್ದು ಸ್ಪೇನ್ ಅಲ್ಲ. ಆ ಭಾನುವಾರದ ಬಸ್ಸುಗಳ ಲೆಕ್ಕ.

ಹೇಳಿದಾಗ ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನೀನು ಹೋಗ್ಬಾ. ಫೋಟೋ ತೆಗ್ದು ಕಳ್ಸು" ಅಂದಳು.

ತಮ್ಮನಿಗೆ ಫೋನ್ ಮಾಡಿದೆ. ಅವನಿರುವುದು ಪುಣೆಯಲ್ಲಿ. "ಹನ್ನೆರಡು ದಿನ ಬಂದು ಅಪ್ಪನ್ನ ನೋಡ್ಕೋಬೇಕು ಕಣೋ" ಅಂದೆ.

"ಶೀಟ್ ಮಾಡೋಕೆ ಮುಂಚೆ ನನ್ನ ಕೇಳಿದ್ಯಾ? ಅಮ್ಮನ್ನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಆರು ಊರಿನ ರೈಲಿನ ಟೈಮು ನನಗೆ ಗೊತ್ತಿತ್ತು, ನಮ್ಮ ಮನೆಯವರಿಗೆ ಏನು ಬೇಕು ಅನ್ನೋದು ಗೊತ್ತಿರಲಿಲ್ಲ. ನಾಲ್ಕು ದಿನ ನಾವಿಬ್ಬರೂ ಮಾತಾಡಲಿಲ್ಲ. ಐದನೇ ದಿನ ಅವನೇ ಮೆಸೇಜ್ ಹಾಕಿದ: ಸೆಪ್ಟೆಂಬರ್ ಕೊನೆಯಾದರೆ ಹಾಸನದಿಂದಲೇ ಕೆಲಸ ಮಾಡಲು ಮ್ಯಾನೇಜರ್ ಒಪ್ಪಿದ್ದಾರೆ. ಕೆಳಗೆ ಇನ್ನೊಂದು ಸಾಲು: "ಮೊದಲು ಅಮ್ಮ ಹೂಂ ಅನ್ನಲಿ."

ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಅಮ್ಮನ ಪಕ್ಕ ಕೂತೆ. ಬಾರ್ಸಿಲೋನಾದ ಚರ್ಚು ತೋರಿಸಿದೆ, ಚೆನ್ನಾಗಿದೆ ಅಂದಳು. ಸೆವಿಲ್ ತೋರಿಸಿದೆ, ಹೂಂ ಅಂದಳು. ಗ್ರಾನಡಾ ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡಳು.

"ಇದು 1492ರಲ್ಲಿ ಬಿತ್ತಲ್ಲ, ಅದೇ ಊರಾ?"

ಅದೇ ಊರು. ಐಬೀರಿಯಾದಲ್ಲಿ ಉಳಿದಿದ್ದ ಕಡೆಯ ಮುಸ್ಲಿಂ ರಾಜ್ಯ. 1492ರ ಜನವರಿ 2ರಂದು ದೊರೆ ಬೊಆಬ್ದಿಲ್ ಊರನ್ನು ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನೆಂಡ್‌ಗೆ ಒಪ್ಪಿಸಿದ. ಮಾರ್ಚ್ 31ರಂದು ಅಲ್ಲಿನ ಅಲ್‌ಹಂಬ್ರಾ ಅರಮನೆಯಿಂದಲೇ ಯಹೂದಿಗಳನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಟಿತು. ಏಪ್ರಿಲ್ 17ಕ್ಕೆ ಪಕ್ಕದ ಸಾಂತಾ ಫೆ ಎಂಬ ಊರಿನಲ್ಲಿ ಕೊಲಂಬಸ್ ಜೊತೆ ಒಪ್ಪಂದ. ಮುತ್ತಿಗೆ ಹಾಕಲು ಬಂದ ಸೈನ್ಯ ಬೀಡುಬಿಟ್ಟ ಜಾಗವೇ ಆ ಊರಾಗಿದ್ದು. ನಮ್ಮ ಕಡೆ ಬರುವ ದಾರಿ ಹುಡುಕುತ್ತೇನೆಂದು ಹೊರಟ ಮನುಷ್ಯ ಅನುಮತಿ ಪಡೆದದ್ದು ಅಲ್ಲಿಂದ.

ಅಮ್ಮ ಮೂರೂ ತಾರೀಖುಗಳನ್ನು ಬೆರಳಲ್ಲಿ ಎಣಿಸಿದಳು. "ನಾಲ್ಕು ತಿಂಗಳೊಳಗೆ! ಕೊಲಂಬಸ್‌ದು ಒಂದು ಪಾಠ, ಇವರದ್ದು ಒಂದು ಸಾಲು ಅಂತ ಮಾಡ್ಕೊಂಡ್ ಬಂದೆ. ಎರಡೂ ಒಂದೇ ಕಡೆ ಆಗಿದ್ದು ಅಂತ ಹೊಳೆದೇ ಇರ್ಲಿಲ್ವಲ್ಲೇ."

ಅಲ್ಲಿಂದಾಚೆ ಅವಳೇ ಕೇಳತೊಡಗಿದಳು. ಅಲ್‌ಹಂಬ್ರಾ ಅಂದರೆ ಏನು? ಅರಬ್ಬಿಯಲ್ಲಿ ಕೆಂಪಗಿನದು ಅಂತ. ಗ್ರಾನಡಾ? ಸ್ಪ್ಯಾನಿಷ್‌ನಲ್ಲಿ ದಾಳಿಂಬೆ, ಊರಿನ ಲಾಂಛನವೂ ಅದೇ. ಹನ್ನೆರಡು ಕಲ್ಲಿನ ಸಿಂಹಗಳು ಕಾರಂಜಿ ಹೊತ್ತು ನಿಂತ ಅಂಗಳದ ಫೋಟೋ ನೋಡಿ, ಕಟ್ಟಿಸಿದ್ದು ಯಾವಾಗ ಅಂದಳು. ಐದನೇ ಮುಹಮ್ಮದ್, 14ನೇ ಶತಮಾನದ ಉತ್ತರಾರ್ಧ ಅಂದೆ. "ಓ, ನಮ್ಮ ಬುಕ್ಕರಾಯನ ಕಾಲ" ಅಂದಳು, ಪಕ್ಕದ ಬೀದಿಯವರ ವಿಷಯ ಹೇಳುವ ಹಾಗೆ.

ಊಟಕ್ಕೇನು ಮಾಡೋದು ಅನ್ನುವ ಪ್ರಶ್ನೆಯೂ ಬಂತು. ಅಲ್ಲಿ ಬದನೆಕಾಯಿ ಕರಿದು ಅದರ ಮೇಲೆ ಕಬ್ಬಿನ ಪಾಕ ಸುರಿದು ಕೊಡುತ್ತಾರೆ ಅಂದೆ. "ಜೋನಿಬೆಲ್ಲನಾ?" ಹೆಚ್ಚುಕಮ್ಮಿ ಜೋನಿಬೆಲ್ಲವೇ. ಕಬ್ಬು ಆ ಕರಾವಳಿಗೆ ಹೋದದ್ದು ಅರಬ್ಬರ ಜೊತೆ. ಸಕ್ಕರೆಗೆ ಅವರು ಅನ್ನುವ 'ಅಸೂಕರ್' ನಮ್ಮ ಶರ್ಕರದ ಮೊಮ್ಮಗ, ಕಿತ್ತಳೆಗೆ ಅನ್ನುವ 'ನರಾಂಹ' ನಾರಂಗದ್ದು. "ಹಂಗಾದ್ರೆ ಉಪವಾಸ ಇರಲ್ಲ ಬಿಡು" ಅಂದಳು.

ಹೂಂ ಅಂದ ಹಾಗಾಯಿತು. ಆದರೆ ಶೀಟಿಗೆ ಕತ್ತರಿ ಬಿತ್ತು. "ಈ ಐದೂರಿಗೆ ನನಗೆ ಮಂಡಿ ಇಲ್ಲ. ಅದೊಂದೂರು ಸಾಕು. ಕೂತು ನೋಡ್ತೀನಿ." ಮ್ಯಾಡ್ರಿಡ್‌ನಲ್ಲಿ ಇಳಿದು, ಒಂದು ರಾತ್ರಿ ಮಲಗಿ, ಮೂರೂವರೆ ಗಂಟೆಯ ರೈಲಿನಲ್ಲಿ ಗ್ರಾನಡಾ. ಅಲ್ಲಿ ಆರು ರಾತ್ರಿ. ಫೋಟೋಗಳಲ್ಲಿ ಮರುಳು ಮಾಡುವ ಅಲ್ಬೈಸಿನ್ ಗುಡ್ಡದ ಹಳೇ ಓಣಿಗಳಲ್ಲಿ ರೂಮ್ ಹುಡುಕುತ್ತಿದ್ದವಳು ಅದನ್ನು ಬಿಟ್ಟು, ಕೆಳಗೆ ಸಮತಟ್ಟಾದ ಜಾಗದಲ್ಲಿ ಲಿಫ್ಟ್ ಇರುವ ಹೋಟೆಲ್ ಹಿಡಿದೆ. ಅರಮನೆಗೆ ಏರುದಾರಿ, ಆದರೆ ಊರ ನಡುವಿನಿಂದ ಪುಟ್ಟ ಬಸ್ ಹೋಗುತ್ತದೆ. ಒಂದೂರು ಅಂದಕೂಡಲೇ ಖರ್ಚೂ ಇಳಿಯಿತು.

ಇನ್ನು ವೀಸಾ. ಬೆರಳಚ್ಚು ಕೊಡಲು ಅಮ್ಮನೇ ಬೆಂಗಳೂರಿಗೆ ಬರಬೇಕು. ತಮ್ಮ ಎರಡು ದಿನ ಮುಂಚೆ ಪುಣೆಯಿಂದ ಬಂದ. ಅಮ್ಮ ಎರಡು ಪುಟದ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು: ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ, ಬಚ್ಚಲಿಗೆ ಹೋಗುವಾಗ ಯಾವ ಕೈ ಹಿಡಿಯಬೇಕು. ಬೆಳಗಿನ ನಾಲ್ಕಕ್ಕೆ ಹಾಸನ ಬಿಟ್ಟೆವು. ನೆಲಮಂಗಲ ದಾಟುವಷ್ಟರಲ್ಲಿ ಆರು ಸಲ ಮನೆಗೆ ಫೋನ್ ಮಾಡಿದ್ದಳು. ವೀಸಾ ಕೇಂದ್ರದೊಳಗೆ ಫೋನ್ ಆಫ್ ಮಾಡಿಸಿದರು. ಬ್ಯಾಂಕ್ ಸ್ಟೇಟ್‌ಮೆಂಟ್, ಮೂವತ್ತು ಸಾವಿರ ಯೂರೋದ ವಿಮೆ, ರೂಮ್ ಬುಕ್ ಮಾಡಿದ ಕಾಗದ ಎಲ್ಲ ಜೋಡಿಸಿಕೊಂಡು ಕೂತಿದ್ದ ಆ ಎರಡು ಗಂಟೆ ಅವಳು ಕತ್ತಲಾದ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದಳು.

ಸಂಜೆ ಮನೆ ಮುಟ್ಟಿದಾಗ ಅಪ್ಪ ಗಡ್ಡ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕ್ರಿಕೆಟ್ ನೋಡುತ್ತಿದ್ದರು. "ಉಪ್ಪಿಟ್ಟು ಚೆನ್ನಾಗಿತ್ತು" ಅಂದರು, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ. ಪಟ್ಟಿಯ ಎಲ್ಲ ಸಾಲಿಗೂ ತಮ್ಮ ಟಿಕ್ ಹಾಕಿದ್ದ.

ರಾತ್ರಿ ಅಡುಗೆಮನೆಯಲ್ಲಿ ಅಮ್ಮ ಸುಮ್ಮನೆ ನಿಂತಿದ್ದಳು. "ಏನೂ ಆಗ್ಲಿಲ್ಲ ನೋಡು" ಅಂದಳು.

"ಒಳ್ಳೇದಾಯ್ತಲ್ಲಮ್ಮ."

"ಒಳ್ಳೇದೇ. ಎರಡು ವರ್ಷ, ನಾನು ಹೊಸ್ತಿಲು ದಾಟಿದ್ರೆ ಏನೋ ಆಗ್ಬಿಡುತ್ತೆ ಅಂದ್ಕೊಂಡಿದ್ದೆ. ಒಂದು ಲೋಟ ಕೂಡ ಒಡೀಲಿಲ್ವಲ್ಲೇ."

ಸಮಾಧಾನದ ದನಿ ಅದಾಗಿರಲಿಲ್ಲ. ಹೋದ ಎರಡು ವರ್ಷವನ್ನು ಯಾರೋ ಲೆಕ್ಕ ಹಾಕಿ, ಇಷ್ಟೂ ಬೇಕಿರಲಿಲ್ಲ ಅಂತ ವಾಪಸ್ ಕೊಟ್ಟ ಹಾಗಿತ್ತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬೇಕಿತ್ತಮ್ಮ, ನೀನು ಇದ್ದದ್ದಕ್ಕೇ ಅಪ್ಪ ಇವತ್ತು ಕೂತು ಕ್ರಿಕೆಟ್ ನೋಡೋ ಹಾಗಾಗಿದ್ದು ಅಂತ ಹೇಳಬಹುದಿತ್ತು. ಬಸ್ಸಿನಲ್ಲಿ ಕೂತಮೇಲೆ ಹೊಳೆಯಿತು. ಮಾರನೇ ದಿನ ಫೋನಿನಲ್ಲಿ ಹೇಳಿದೆ. "ಇರ್ಲಿ ಬಿಡೇ" ಅಂದಳು.

ಮೂರನೇ ವಾರ ವೀಸಾ ಬಂತು. ಉಳಿದದ್ದು ಅಲ್‌ಹಂಬ್ರಾ ಟಿಕೆಟ್. ಹೋಗುವ ಆಲೋಚನೆ ಇರುವವರು ಇದೊಂದನ್ನು ನೆನಪಿಡಿ: ಇದು ಅಲ್ಲಿಗೆ ಹೋಗಿ ಕೊಳ್ಳುವ ಟಿಕೆಟ್ ಅಲ್ಲ, ವಾರಗಳ ಮುಂಚೆಯೇ ಮುಗಿದುಹೋಗುತ್ತದೆ. ಬರೀ ತೋಟಗಳಿಗೆ ಬೇರೆ ಟಿಕೆಟ್ ಇದೆ, ಅದರಲ್ಲಿ ಒಳಗಿನ ನಸ್ರಿದ್ ಅರಮನೆಗಳು ಸೇರಿರುವುದಿಲ್ಲ. ಟಿಕೆಟ್ ಕೊಳ್ಳುವಾಗಲೇ ಪಾಸ್‌ಪೋರ್ಟ್ ನಂಬರ್ ಕೊಡಬೇಕು. ಆ ಅರಮನೆಗಳಿಗೆ ನಾವೇ ಒಂದು ಸಮಯ ಆರಿಸಬೇಕು, ಆ ಸಮಯ ತಪ್ಪಿತೋ, ಬಿಡುವುದಿಲ್ಲ.

ಈ ಸಮಯದ ಬಗ್ಗೆಯೇ ನಮ್ಮಿಬ್ಬರಿಗೂ ಮುಂಚೆ ಒಂದು ಜಗಳ ಆಗಿತ್ತು. ಸಂಜೆ ಐದರ ಬಿಸಿಲು ಆ ಕೆಂಪು ಗೋಡೆಗಳ ಮೇಲೆ ಚೆನ್ನ ಅಂತ ನಾನು. ಬೆಳಗ್ಗೆ ಎಂಟೂವರೆಯದ್ದೇ ಬೇಕು ಅಂತ ಅಮ್ಮ. ಕಾರಣ ಆಮೇಲೆ ತಿಳಿಯಿತು. ಸೆಪ್ಟೆಂಬರಿನಲ್ಲಿ ನಾವು ಸ್ಪೇನ್‌ಗಿಂತ ಮೂರೂವರೆ ಗಂಟೆ ಮುಂದೆ. ಅಪ್ಪನ ರಾತ್ರಿ ಒಂಬತ್ತರ ಮಾತ್ರೆ ಅಂದರೆ ಅಲ್ಲಿಯ ಸಂಜೆ ಐದೂವರೆ. ಆ ಹೊತ್ತಿಗೆ ಫೋನ್ ಮಾಡಬೇಕಲ್ಲ, ಸಿಂಹಗಳ ಮುಂದೆ ನಿಂತುಕೊಂಡು ಮಾತ್ರೆ ಕೊಟ್ಯಾ ಅಂತ ಕೂಗೋಕಾಗುತ್ತಾ ಅನ್ನುವುದು ಅವಳ ತಲೆಯಲ್ಲಿತ್ತು.

ಹಾಗಾಗಿ ಆವತ್ತು ನಾನೇ ಬೆಳಗ್ಗೆ ಎಂಟೂವರೆಯ ಮೇಲೆ ಕರ್ಸರ್ ಇಟ್ಟು, ವಿಡಿಯೋ ಕಾಲ್‌ನಲ್ಲಿ "ಒತ್ಲಾ ಅಮ್ಮ?" ಅಂತ ಕೇಳಿದೆ.

ಅಮ್ಮ ಒಮ್ಮೆ ಹಿಂದೆ ತಿರುಗಿ ನೋಡಿದಳು. ಅಲ್ಲಿ ಅಪ್ಪ ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಲೋಟ ಸ್ವಲ್ಪ ಅಲುಗುತ್ತಿತ್ತು, ಚೆಲ್ಲುತ್ತಿರಲಿಲ್ಲ.

"ಐದು ಗಂಟೇದು ಇದ್ಯಾ ಇನ್ನೂ?"

"ಇದೆ. ಮಾತ್ರೆ?"

"ಅವ್ನು ಕೊಡ್ತಾನೆ ಬಿಡು. ಐದರದ್ದೇ ಒತ್ತು."

ಒತ್ತಿದೆ.